ಕಾಡಿನ ಮರ ಸಾಯುವುದು ದಟ್ಟಣೆಯಿಂದಲೋ, ಪಕ್ಕದಲ್ಲಿರುವ ಮರದಿಂದಲೋ?

ಪ್ರಶ್ನೆ: ಎಂಟು ವರ್ಷದ ಹಿಂದೆ ಒಂದು ಹೆಕ್ಟೇರ್ ಬೋಳು ನೆಲದಲ್ಲಿ 2.5 ಮೀಟರಿಗೆ ಒಂದರಂತೆ 1600 ಸಸಿ ನೆಟ್ಟೆವು. ಪಟ್ಟಿಯಲ್ಲಿ 20 ಜಾತಿಯ ಮರಗಳಿವೆ, ಆದರೆ ನೂರಕ್ಕೆ ಎಂಬತ್ತು ಒಂದೇ ಜಾತಿಯವು. ಈಗ 1500 ಬದುಕಿವೆ, ಸರಾಸರಿ ವ್ಯಾಸ 12 ಸೆಂ.ಮೀ. ಎರಡು ವರ್ಷದಿಂದ ಅಲ್ಲಲ್ಲಿ ಮರಗಳು ಒಣಗುತ್ತಿವೆ. ತಾವಾಗಿ ಹುಟ್ಟಿದ ಮೊಳಕೆಗಳು ಕೆಲವೇ ತಿಂಗಳಲ್ಲಿ ಮಾಯವಾಗುತ್ತವೆ. ಒತ್ತೊತ್ತಾಗಿ ನೆಟ್ಟಿದ್ದೇ ತಪ್ಪು, ಅರ್ಧ ಕಡಿಯಿರಿ ಎನ್ನುತ್ತಾರೆ ಕೆಲವರು. ಜಾತಿ ಕಡಿಮೆಯಾಯಿತು, ಇನ್ನಷ್ಟು ನೆಡಿ ಎನ್ನುತ್ತಾರೆ ಇನ್ನು ಕೆಲವರು. ಯಾವುದು ಸರಿ? ಅಳೆದು ತಿಳಿಯುವ ದಾರಿ ಇದೆಯೇ?

ಉತ್ತರ: ದಾರಿ ಇದೆ. ಅಳೆಯುವವರೆಗೆ ದಯವಿಟ್ಟು ಕೊಡಲಿಯನ್ನೂ ಎತ್ತಬೇಡಿ, ಹೊಸ ಗುಂಡಿಯನ್ನೂ ತೋಡಬೇಡಿ. ದಟ್ಟಣೆ ಮರವನ್ನು ಕೊಲ್ಲುವುದು ಎರಡು ಬಗೆಯಲ್ಲಿ. ಒಂದು ಹಸಿವು: ಬೆಳಕು, ನೀರು, ಪೋಷಕಾಂಶ ಎಲ್ಲರಿಗೂ ಸಾಲದೆ ಹೋಗುವುದು. ಇನ್ನೊಂದು ಸೋಂಕು: ಒಂದೇ ಜಾತಿಯ ಮರಗಳು ಹತ್ತಿರ ಹತ್ತಿರ ಇದ್ದಾಗ ಆ ಜಾತಿಯನ್ನೇ ತಿಂದು ಬದುಕುವ ಶಿಲೀಂಧ್ರ, ಹುಳು, ಕೀಟಗಳು ಸುಲಭವಾಗಿ ಒಂದರಿಂದ ಒಂದಕ್ಕೆ ದಾಟುವುದು. ಹಸಿವಿಗೆ ಪಕ್ಕದ ಮರ ಯಾವುದಾದರೂ ಒಂದೇ, ಎಷ್ಟು ದೊಡ್ಡದು, ಎಷ್ಟು ಹತ್ತಿರ ಎಂಬುದೇ ಲೆಕ್ಕ. ಸೋಂಕಿಗೆ ಪಕ್ಕದ ಮರದ ಜಾತಿಯೇ ಮುಖ್ಯ. ಹಸಿವಿಗೆ ಮದ್ದು ವಿರಳಗೊಳಿಸುವುದು, ಸೋಂಕಿಗೆ ಮದ್ದು ನೆರೆ ಬದಲಿಸುವುದು. ರೋಗ ಗುರುತಿಸದೆ ಮದ್ದು ಕೊಟ್ಟರೆ ಎಂಟು ವರ್ಷದ ಶ್ರಮ ಹಾಳಾಗುತ್ತದೆ.

ಮೊದಲು ಹಸಿವಿನ ಲೆಕ್ಕ ನೋಡೋಣ. ಒಂದು ನೆಲ ಎಷ್ಟು ಮರಗಳನ್ನು ಹೊರಬಲ್ಲದು ಎಂಬುದಕ್ಕೆ ಮಿತಿಯಿದೆ, ಮರ ದಪ್ಪವಾದಂತೆ ಆ ಮಿತಿ ಇಳಿಯುತ್ತದೆ. 1933ರಲ್ಲಿ ಅಮೆರಿಕದ ಅರಣ್ಯಶಾಸ್ತ್ರಜ್ಞ ರೈನೆಕೆ ಕೊಟ್ಟ ಸೂತ್ರ ಇಂದಿಗೂ ಅರಣ್ಯಶಾಸ್ತ್ರದಲ್ಲಿ ಬಳಕೆಯಲ್ಲಿದೆ: ಸರಾಸರಿ ವ್ಯಾಸವನ್ನು ಸೆಂ.ಮೀ.ನಲ್ಲಿ ತೆಗೆದುಕೊಂಡು 25ರಿಂದ ಭಾಗಿಸಿ, ಅದನ್ನು 1.605ನೇ ಘಾತಕ್ಕೆ ಏರಿಸಿ, ಹೆಕ್ಟೇರಿಗೆ ಇರುವ ಮರಗಳ ಸಂಖ್ಯೆಯಿಂದ ಗುಣಿಸುವುದು. ಬರುವ ಅಂಕಿ ‘ಇಷ್ಟೇ ದಟ್ಟಣೆಯ ಕಾಡಿನಲ್ಲಿ 25 ಸೆಂ.ಮೀ. ದಪ್ಪದ ಮರಗಳು ಎಷ್ಟಿರುತ್ತಿದ್ದವು’ ಎಂಬುದನ್ನು ಹೇಳುತ್ತದೆ. ಇಲ್ಲಿ ಸರಾಸರಿ ಎಂದರೆ ಸಾದಾ ಸರಾಸರಿ ಅಲ್ಲ. ವ್ಯಾಸಗಳ ವರ್ಗಗಳನ್ನು ಕೂಡಿ, ಮರಗಳ ಸಂಖ್ಯೆಯಿಂದ ಭಾಗಿಸಿ, ವರ್ಗಮೂಲ ತೆಗೆಯಬೇಕು. ತಾಕಿನಲ್ಲಿ ಸಣ್ಣ, ದೊಡ್ಡ ಮರಗಳು ಬೆರೆತಿದ್ದರೆ ಇವೆರಡರ ನಡುವೆ ಸಾಕಷ್ಟು ಅಂತರ ಬೀಳುತ್ತದೆ.

ನಿಮ್ಮ 12 ಸೆಂ.ಮೀ. ಹೀಗೆ ತೆಗೆದ ಸರಾಸರಿಯೇ ಎಂದುಕೊಂಡರೆ, 12ನ್ನು 25ರಿಂದ ಭಾಗಿಸಿ ಘಾತಕ್ಕೇರಿಸಿದಾಗ 0.308 ಬರುತ್ತದೆ, 1500ರಿಂದ ಗುಣಿಸಿದರೆ 462. ಈ ಅಂಕಿಯನ್ನು ಮುಖ್ಯ ಜಾತಿಯ ಗರಿಷ್ಠ ಮಿತಿಯೊಂದಿಗೆ ಹೋಲಿಸಬೇಕು. ಮಿತಿ ಜಾತಿಯಿಂದ ಜಾತಿಗೆ ಬೇರೆ. ಲೆಕ್ಕಕ್ಕೆಂದು 1000 ಹಿಡಿಯೋಣ. ನೀವು ನಿಮ್ಮ ಮರದ ಅಂಕಿಯನ್ನು ಹಾಕಿಕೊಳ್ಳಿ. ಆಗ ನಿಮ್ಮ ತಾಕು ಗರಿಷ್ಠದ ಶೇ. 46ರಲ್ಲಿದೆ. ಸಾಮಾನ್ಯವಾಗಿ ಶೇ. 25ರ ಸುಮಾರಿಗೆ ಮರಗಳ ನಡುವೆ ಪೈಪೋಟಿ ಶುರುವಾಗುತ್ತದೆ, ಶೇ. 35ಕ್ಕೆ ನೆಲ ಪೂರ್ತಿ ತುಂಬಿದಂತೆ, ಶೇ. 60 ದಾಟಿದ ಮೇಲೆ ಕಾಡು ತಾನೇ ತನ್ನ ಸಂಖ್ಯೆಯನ್ನು ಇಳಿಸಿಕೊಳ್ಳಲು ತೊಡಗುತ್ತದೆ. ಇದನ್ನು ಸ್ವಯಂ ವಿರಳೀಕರಣ ಎನ್ನುತ್ತಾರೆ. ಹಿಂದುಳಿದವು ಸಾಯುತ್ತವೆ, ಉಳಿದವು ದಪ್ಪವಾಗುತ್ತವೆ. ಈ ನಿಯಮ ಬೇರೆ ಬೇರೆ ಬಗೆಯ ಸಸ್ಯಗಳಿಗೂ ಒಪ್ಪುತ್ತದೆ ಎಂದು 1963ರಲ್ಲಿ ಜಪಾನಿನ ಯೋಡಾ ಮತ್ತು ಸಂಗಡಿಗರು ಪ್ರತಿಪಾದಿಸಿದರು.

ಅಂದರೆ ನಿಮ್ಮಲ್ಲಿ ಈಗ ಪೈಪೋಟಿ ಇದೆ, ಆದರೆ ಸಾಮೂಹಿಕ ಸಾವಿನ ಹಂತ ಬಂದಿಲ್ಲ. ಒಂದೂ ಸಾಯದೆ ಸರಾಸರಿ ವ್ಯಾಸ 14 ಸೆಂ.ಮೀ. ದಾಟಿದರೆ ಶೇ. 60 ಮುಟ್ಟುತ್ತೀರಿ; 15 ಸೆಂ.ಮೀ.ಗೆ ಶೇ. 66. ಹೊಸದಾಗಿ ಒಂದು ಸಸಿಯನ್ನೂ ನೆಡದೆ, ಬರೀ 3 ಸೆಂ.ಮೀ. ದಪ್ಪವಾಗಿದ್ದಕ್ಕೆ ದಟ್ಟಣೆ ಇಷ್ಟು ಏರುತ್ತದೆ. ಬಹಳಷ್ಟು ಜನ ಎಡವುವುದು ಇಲ್ಲೇ: ‘ಹತ್ತು ವರ್ಷದಿಂದ ಅಷ್ಟೇ ಮರಗಳಿವೆ, ಆಗ ಸಾಯದ್ದು ಈಗೇಕೆ ಸಾಯುತ್ತಿವೆ’ ಎಂದು ಕೇಳುತ್ತಾರೆ. ಮರಗಳು ಅಷ್ಟೇ ಇರಬಹುದು, ಅವುಗಳ ಹೊಟ್ಟೆ ಅಷ್ಟೇ ಇಲ್ಲ.

ಒಂದು ಎಚ್ಚರಿಕೆ: ಈ ಸೂತ್ರ ಹುಟ್ಟಿದ್ದು ಒಂದೇ ಜಾತಿಯ, ಒಂದೇ ವಯಸ್ಸಿನ ತೋಪುಗಳಿಂದ. ಬೆರಕೆ ಕಾಡಿಗೆ ಅಂದಾಜಾಗಿ ಮಾತ್ರ ಬಳಸಿ. ನೆರಳು ಸಹಿಸುವ ಮರಗಳು ಬಿಸಿಲು ಬೇಡುವ ಮರಗಳ ಕೆಳಗೆ ಸೇರಿಕೊಂಡಿದ್ದರೆ ಅದೇ ನೆಲ ಇನ್ನೂ ಹೆಚ್ಚು ಮರಗಳನ್ನು ಹೊರುತ್ತದೆ.

ಇನ್ನು ಸಾಯುತ್ತಿರುವ ಮರಗಳ ಬಳಿ ಹೋಗಿ. ಹಸಿವಿನಿಂದ ಸತ್ತ ಮರವನ್ನು ಗುರುತಿಸುವುದು ಕಷ್ಟವಲ್ಲ: ಅದು ತನ್ನ ಓರಗೆಯವುಗಳಲ್ಲಿ ಸಣ್ಣದು, ನೆತ್ತಿ, ಅಂದರೆ ಕೊಂಬೆ ಎಲೆಗಳ ಹರವು, ಕಿರಿದಾಗಿ ಸುತ್ತಲಿನ ಮರಗಳ ಕೆಳಗೆ ಸಿಕ್ಕಿಕೊಂಡಿರುತ್ತದೆ, ಕೆಳಗಿನ ಕೊಂಬೆಗಳು ಮೊದಲೇ ಒಣಗಿರುತ್ತವೆ. ವರ್ಷದ ಉಂಗುರ ಮೂಡುವ ಜಾತಿಯಾದರೆ ಕೊನೆಯ ಮೂರ್ನಾಲ್ಕು ಉಂಗುರಗಳು ದಾರದೆಳೆಯಷ್ಟು ತೆಳು. ಎತ್ತರವನ್ನೂ ವ್ಯಾಸವನ್ನೂ ಒಂದೇ ಮಾನಕ್ಕೆ ತಂದು, ಎತ್ತರವನ್ನು ವ್ಯಾಸದಿಂದ ಭಾಗಿಸಿ ನೋಡಿ. 100ಕ್ಕಿಂತ ಹೆಚ್ಚು ಬಂದರೆ ಅದು ಬೆಳಕಿಗಾಗಿ ಎಳೆದುಕೊಂಡು ಬೆಳೆದ ಕೋಲುಮರ, ಗಾಳಿಗೆ ಬಾಗಿ ಮುರಿಯುವಂಥದ್ದು. ಸೋಂಕಿನಿಂದ ಸತ್ತದ್ದು ಹಾಗಲ್ಲ. ಸೊಂಪಾಗಿ ಬೆಳೆದ ದೊಡ್ಡ ಮರವೂ ಸಾಯುತ್ತದೆ, ಸತ್ತವು ಗುಂಪಾಗಿರುತ್ತವೆ, ಗುಂಪು ವರ್ಷದಿಂದ ವರ್ಷಕ್ಕೆ ಹೊರಗೆ ಹರಡುತ್ತದೆ, ನಡುವೆ ನಿಂತ ಬೇರೆ ಜಾತಿಯ ಮರ ಹಸಿರಾಗಿಯೇ ಇರುತ್ತದೆ. ಒಣಗಿದ ಮರಗಳನ್ನೆಲ್ಲ ನಕ್ಷೆಯಲ್ಲಿ ಚುಕ್ಕಿಯಿಟ್ಟು ಗುರುತಿಸಿದರೆ ಸಾಕು, ಎಷ್ಟೋ ಸಲ ಉತ್ತರ ಕಣ್ಣಿಗೆ ಕಾಣುತ್ತದೆ.

ಮೊಳಕೆಗಳಿಗೆ ಬೇರೆಯೇ ಪರೀಕ್ಷೆ ಬೇಕು. ಬೆಳಗ್ಗೆ ಹೋಗಿ ಮಂಡಿಯೂರಿ ಕುಳಿತು ನೋಡಿ. ಎಲೆ ಇನ್ನೂ ಹಸಿರಾಗಿದ್ದು, ಮಣ್ಣಿನ ಮಟ್ಟದಲ್ಲಿ ಕಾಂಡ ನೀರು ಕುಡಿದಂತೆ ಕಂದು ಬಣ್ಣಕ್ಕೆ ತಿರುಗಿ, ದಾರದಂತೆ ಸಣ್ಣಗಾಗಿ, ಮೊಳಕೆ ಅಡ್ಡ ಬಿದ್ದಿದ್ದರೆ ಅದು ಬುಡಕೊಳೆ. ಪಿಥಿಯಂನಂಥ ಮಣ್ಣಿನ ಸೂಕ್ಷ್ಮಜೀವಿಗಳ ಕೆಲಸ. ಕಾಂಡ ಓರೆಯಾಗಿ ಕತ್ತರಿಸಿದಂತಿದ್ದರೆ ಪ್ರಾಣಿ ತಿಂದಿದೆ. ಮೊಳಕೆ ನೆಟ್ಟಗೆ ನಿಂತೇ ಎಲೆ ಅಂಚಿನಿಂದ ಗರಿಗರಿಯಾಗಿ ಒಣಗಿದ್ದರೆ ನೀರಿಲ್ಲ. ಬಿಳುಚಿಕೊಂಡು, ಉದ್ದುದ್ದ ಎಳೆದುಕೊಂಡು, ಹೊಸ ಎಲೆ ಬಿಡದೆ ಸತ್ತಿದ್ದರೆ ಬೆಳಕಿಲ್ಲ. ವಾರಕ್ಕೊಮ್ಮೆ ನೋಡದಿದ್ದರೆ ಈ ಗುರುತುಗಳು ಸಿಗುವುದಿಲ್ಲ. ಬುಡಕೊಳೆ ಬಂದ ಮೊಳಕೆ ಕೆಲವೇ ದಿನಗಳಲ್ಲಿ ಕರಗಿ ಮಣ್ಣಾಗುತ್ತದೆ.

ತಾಯಿಮರದ ಬುಡದಲ್ಲೇ ಅದರ ಮಕ್ಕಳು ಉಳಿಯುವುದಿಲ್ಲ ಎಂಬುದು ಇಂದು ಕಾಡಿನ ವಿಜ್ಞಾನದಲ್ಲಿ ದೊಡ್ಡ ವಿಷಯ. 1970ರಲ್ಲಿ ಡೇನಿಯಲ್ ಜಾನ್ಸೆನ್, 1971ರಲ್ಲಿ ಜೋಸೆಫ್ ಕಾನೆಲ್ ಎಂಬ ಪರಿಸರ ವಿಜ್ಞಾನಿಗಳು ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದರು: ಬೀಜ ಹೆಚ್ಚು ಬೀಳುವುದು ತಾಯಿಯ ಕೆಳಗೆ, ಆದರೆ ಆ ಜಾತಿಯ ಶತ್ರುಗಳು ಸೇರಿರುವುದೂ ಅಲ್ಲೇ, ಹೀಗಾಗಿ ದೂರ ಬಿದ್ದವು ಬದುಕುತ್ತವೆ, ತಾಯಿಯ ಕೆಳಗಿನ ಜಾಗ ಬೇರೆ ಜಾತಿಗೆ ಸಿಗುತ್ತದೆ, ಯಾವ ಒಂದು ಜಾತಿಯೂ ಕಾಡನ್ನು ಪೂರ್ತಿ ಆಕ್ರಮಿಸಲಾಗುವುದಿಲ್ಲ. ಪನಾಮಾದ ಬಾರೊ ಕೊಲರಾಡೊ ದ್ವೀಪದಲ್ಲಿ 1980ರ ದಶಕದ ಆರಂಭದಲ್ಲಿ ಸ್ಟೀಫನ್ ಹಬೆಲ್ ಮತ್ತು ರಾಬಿನ್ ಫಾಸ್ಟರ್ 50 ಹೆಕ್ಟೇರ್ ತಾಕು ಗುರುತಿಸಿ, 1 ಸೆಂ.ಮೀ. ದಪ್ಪ ಮೀರಿದ ಪ್ರತಿ ಕಾಂಡವನ್ನೂ ಅಳೆದು, ಬಿಲ್ಲೆ ಕಟ್ಟಿ, ನಕ್ಷೆಯಲ್ಲಿ ಇಟ್ಟರು. ಎರಡು ಲಕ್ಷಕ್ಕೂ ಹೆಚ್ಚು ಕಾಂಡಗಳು, ಸುಮಾರು 300 ಜಾತಿಗಳು. ಅಲ್ಲಿಯೇ 200 ಬೀಜಬಲೆಗಳಲ್ಲಿ ಬಿದ್ದ ಬೀಜವನ್ನೂ ಪಕ್ಕದ ನೆಲದಲ್ಲಿ ಹುಟ್ಟಿದ ಮೊಳಕೆಯನ್ನೂ ಎಣಿಸಿದ ಅಧ್ಯಯನ 2000ದಲ್ಲಿ ಹೊರಬಂತು: ಪರೀಕ್ಷಿಸಿದ 53 ಜಾತಿಗಳಲ್ಲೂ, ಬೀಜ ಹೆಚ್ಚು ಬಿದ್ದಲ್ಲಿ ಮೊಳಕೆಯ ಪಾಲು ಕಡಿಮೆ.

ಶತ್ರುಗಳೇ ಕಾರಣ ಎಂಬುದಕ್ಕೂ ನೇರ ಸಾಕ್ಷಿಯಿದೆ. ಅಮೆರಿಕದ ಇಂಡಿಯಾನಾದಲ್ಲಿ ಕಪ್ಪು ಚೆರ್ರಿ ಮರದ ಬುಡದ ಮಣ್ಣಿನಲ್ಲಿ ಸಾಯುತ್ತಿದ್ದ ಸಸಿಗಳು, ಅದೇ ಮಣ್ಣನ್ನು ಸೂಕ್ಷ್ಮಜೀವಿಗಳಿಲ್ಲದಂತೆ ಶುದ್ಧಗೊಳಿಸಿದಾಗ ಬದುಕಿಕೊಂಡವು. ಇದು ಪ್ರಕಟವಾದದ್ದೂ 2000ದಲ್ಲೇ. ಬೆಲೀಜ್‌ನ ಮಳೆಕಾಡಿನಲ್ಲಿ ನೆಲಕ್ಕೆ ಶಿಲೀಂಧ್ರನಾಶಕ ಸಿಂಪಡಿಸಿದ ತುಂಡುಗಳಲ್ಲಿ ಸಸಿಗಳ ವೈವಿಧ್ಯ ಕುಸಿಯಿತು. ಕೀಟನಾಶಕ ಸಿಂಪಡಿಸಿದಲ್ಲಿ ಯಾವ ಜಾತಿ ಎಷ್ಟು ಎಂಬ ಪಾಲೇ ಬದಲಾಯಿತು. 2014ರ ಈ ಫಲಿತಾಂಶ ನನ್ನ ಮಟ್ಟಿಗೆ ಎಲ್ಲಕ್ಕಿಂತ ಬಲವಾದದ್ದು, ಏಕೆಂದರೆ ಬರೀ ಎಣಿಕೆಯಲ್ಲ, ಶತ್ರುವನ್ನು ತೆಗೆದು ನೋಡಿದ ಪ್ರಯೋಗ.

ಎಲ್ಲ ಮರಗಳೂ ಒಂದೇ ರೀತಿ ಅಲ್ಲ ಎಂಬುದನ್ನೂ ನೆನಪಿಡಿ. ಬೇರನ್ನು ಹೊರಗಿನಿಂದ ಕವಚದಂತೆ ಸುತ್ತುವ ಶಿಲೀಂಧ್ರಗಳ ಜೊತೆ ಒಡನಾಟವಿರುವ ಓಕ್, ಪೈನ್, ಬೀಚ್‌ಗಳಲ್ಲಿ ತಾಯಿಯ ಹತ್ತಿರವಿರುವುದೇ ಸಸಿಗೆ ಅನುಕೂಲವಾಗುವುದುಂಟು. ಒಡನಾಡಿ ಶಿಲೀಂಧ್ರ ಬೇರಿನ ಕೋಶದೊಳಗೇ ಸೇರುವ ಮೇಪಲ್, ಚೆರ್ರಿ, ಆ್ಯಶ್ ಮೊದಲಾದವುಗಳಲ್ಲಿ ಆ ಕವಚದ ರಕ್ಷಣೆ ಇಲ್ಲ, ಸ್ವಜಾತಿಯ ದಟ್ಟಣೆ ಅವಕ್ಕೆ ಹೆಚ್ಚು ಹಾನಿ. ಉತ್ತರ ಅಮೆರಿಕದ 55 ಜಾತಿಗಳ ಮಣ್ಣಿನ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಪ್ರಯೋಗ ಇದನ್ನು ತೋರಿಸಿತು. ನಿಮ್ಮ ಮುಖ್ಯ ಜಾತಿ ಯಾವ ಗುಂಪಿನದು ಎಂಬುದನ್ನು ಮೊದಲು ತಿಳಿದುಕೊಳ್ಳಿ.

ಅಪರೂಪದ ಜಾತಿಗಳ ವಿಷಯ ಸ್ವಲ್ಪ ಸೂಕ್ಷ್ಮ. ಬಾರೊ ಕೊಲರಾಡೊದ 180 ಜಾತಿಗಳ ಸಸಿಗಳನ್ನು ನೋಡಿದ 2010ರ ಅಧ್ಯಯನದಲ್ಲಿ, ಪಕ್ಕದಲ್ಲಿ ತನ್ನದೇ ಜಾತಿಯ ಒಂದು ಸಸಿ ಹೆಚ್ಚಾದರೆ ಆಗುವ ಹಾನಿ ಅಪರೂಪದ ಜಾತಿಗಳಿಗೇ ಹೆಚ್ಚು ಎಂದು ಕಂಡುಬಂತು. ಅವು ಅಪರೂಪವಾಗಿ ಉಳಿದಿರುವುದು ಬಹುಶಃ ಅದಕ್ಕೇ. ಜೊತೆಗೇ, ವಿರಳವಾಗಿ ಚದುರಿರುವುದರಿಂದ ಅಂಥ ನೆರೆ ಅವಕ್ಕೆ ಸಿಗುವುದೇ ಕಡಿಮೆ, ಹಾಗಾಗಿ ಪೂರ್ತಿ ಅಳಿದೂ ಹೋಗುವುದಿಲ್ಲ. ಅಪರೂಪದ ಜಾತಿಯ ಹತ್ತು ಸಸಿ ಸಿಕ್ಕಿತೆಂದು ಹತ್ತನ್ನೂ ಒಂದೇ ಮೂಲೆಯಲ್ಲಿ ನೆಡುವವರಿಗೆ ಇದು ಗೊತ್ತಿರಬೇಕು.

ಈಗ ವೈವಿಧ್ಯ. ನಿಮ್ಮ ಪಟ್ಟಿಯಲ್ಲಿ 20 ಜಾತಿ ಇದ್ದರೂ ಕಾಡಿನಲ್ಲಿ 20 ಇಲ್ಲ. ಒಂದು ಜಾತಿ ಶೇ. 80, ಉಳಿದ 19 ಜಾತಿಗಳು ಶೇ. 20ನ್ನು ಸಮನಾಗಿ ಹಂಚಿಕೊಂಡಿವೆ ಎಂದು ಇಟ್ಟುಕೊಂಡು ಜಾತಿಗಳ ಸಂಖ್ಯೆ ಮತ್ತು ಪಾಲು ಎರಡನ್ನೂ ಹಿಡಿದು ವೈವಿಧ್ಯ ಅಳೆಯುವ ಶಾನನ್ ಸೂಚ್ಯಂಕ ಲೆಕ್ಕ ಹಾಕಿದರೆ 1.09 ಬರುತ್ತದೆ, ಸಹಜ ಲಘುಗಣಕದ ಈ ಅಂಕಿಯನ್ನು ಹಿಂದಕ್ಕೆ ತಿರುಗಿಸಿದರೆ, ಅಂದರೆ e ಯನ್ನು (ಸುಮಾರು 2.718) ಈ ಘಾತಕ್ಕೆ ಏರಿಸಿದರೆ, ಸುಮಾರು 3. ಅಂದರೆ ಸಮಪಾಲಿನ ಮೂರು ಜಾತಿಗಳಿರುವ ಕಾಡಿನಷ್ಟೇ ವೈವಿಧ್ಯ ನಿಮ್ಮದು. ಮುಖ್ಯ ಜಾತಿಯ ಒಂದು ಮರದ ಪಕ್ಕದಲ್ಲಿ ತನ್ನದೇ ಜಾತಿ ಸಿಗುವ ಸಂಭವ ಐದರಲ್ಲಿ ನಾಲ್ಕು. ಸೋಂಕಿಗೆ ಇದಕ್ಕಿಂತ ಒಳ್ಳೆಯ ಹೆದ್ದಾರಿ ಬೇಕಿಲ್ಲ.

ಬೆರಕೆ ಕಾಡು ಹೆಚ್ಚು ಬೆಳೆಯುತ್ತದೆಯೇ? ಸಾಮಾನ್ಯವಾಗಿ ಹೌದು. 44 ದೇಶಗಳ 7.7 ಲಕ್ಷಕ್ಕೂ ಹೆಚ್ಚು ತಾಕುಗಳ ಮಾಹಿತಿ ಕಲೆಹಾಕಿದ 2016ರ ಅಧ್ಯಯನದ ಪ್ರಕಾರ ಜಾತಿ ವೈವಿಧ್ಯ ಶೇ. 10 ಇಳಿದರೆ ಕಾಡಿನ ಉತ್ಪಾದಕತೆ ಸರಾಸರಿ ಶೇ. 3 ಇಳಿಯುತ್ತದೆ. ಚೀನಾದ ಜಿಯಾಂಗ್‌ಶಿಯಲ್ಲಿ ನೆಟ್ಟ ಪ್ರಯೋಗದ ಕಾಡಿನಲ್ಲಿ ಎಂಟು ವರ್ಷದ ಕೊನೆಗೆ 16 ಜಾತಿಯ ಬೆರಕೆ ತಾಕುಗಳು, ಒಂಟಿಜಾತಿ ತಾಕುಗಳ ಸರಾಸರಿಯ ಎರಡು ಪಟ್ಟಿಗೂ ಹೆಚ್ಚು ಇಂಗಾಲ ಕೂಡಿಸಿದ್ದವು. ಆದರೆ ಇಂಥ ಅಂಕಿ ಕಂಡಾಗ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದು ಜಾತಿಗಳು ಒಂದನ್ನೊಂದು ಪೂರೈಸಿಕೊಂಡಿದ್ದರಿಂದಲೋ, ಚೆನ್ನಾಗಿ ಬೆಳೆಯುವ ಒಂದು ಜಾತಿ ಬೆರಕೆಯಲ್ಲಿ ಸೇರಿಕೊಂಡಿದ್ದರಿಂದಲೋ? ಒಂದು ಜಾತಿ ಒಂಟಿಯಾಗಿ ಹೆಕ್ಟೇರಿಗೆ 8 ಟನ್, ಇನ್ನೊಂದು 4 ಟನ್ ಬೆಳೆಯುತ್ತದೆ ಎನ್ನಿ. ಅರ್ಧರ್ಧ ಬೆರಸಿದರೆ 6 ನಿರೀಕ್ಷೆ. 7 ಬಂದರೆ ಬೆರಕೆಯಿಂದ ಲಾಭವಾಗಿದೆ, ಆದರೂ ಮೊದಲ ಜಾತಿಯ 8ನ್ನು ಮೀರಿಲ್ಲ. ಎರಡೂ ಮಾತು ನಿಜ. ಒಂದನ್ನು ಮಾತ್ರ ಹೇಳುವವರನ್ನು ನಂಬಬೇಡಿ.

ಪೂರೈಸಿಕೊಳ್ಳುವುದು ಮುಖ್ಯವಾಗಿ ನೆತ್ತಿಯಲ್ಲಿ ಮತ್ತು ಬೇರಿನಲ್ಲಿ ನಡೆಯುತ್ತದೆ. ಹರಡುವ ನೆತ್ತಿಯ ಮರದ ಪಕ್ಕ ನೀಳ ನೆತ್ತಿಯದ್ದು, ಬೇಗ ಎಲೆ ಉದುರಿಸುವುದರ ಪಕ್ಕ ನಿತ್ಯಹಸಿರಿನದ್ದು, ಆಳಕ್ಕೆ ಬೇರಿಳಿಸುವುದರ ಪಕ್ಕ ಮೇಲ್ಮಣ್ಣಿನಲ್ಲಿ ಹರಡುವುದು. ಬಿಸಿಲು ಬೇಡುವ, ಬೇಗ ಬೆಳೆಯುವ ಹತ್ತು ಜಾತಿಗಳನ್ನು ಸೇರಿಸಿದರೆ ಹಸಿವಿನ ಲೆಕ್ಕದಲ್ಲಿ ಅದು ಒಂದೇ ಜಾತಿಯಂತೆ. ಸೋಂಕಿನ ಲೆಕ್ಕದಲ್ಲೂ ಹತ್ತಿರದ ಸಂಬಂಧಿಗಳು ಒಂದೇ ಶತ್ರುವನ್ನು ಹಂಚಿಕೊಳ್ಳುತ್ತವೆ. ಒಂದೇ ಕುಲದ ಐದು ಜಾತಿ ನೆಡುವುದಕ್ಕಿಂತ ಐದು ಕುಟುಂಬಗಳ ಐದು ಜಾತಿ ಮೇಲು. ಕೆಲವೊಮ್ಮೆ ಬೆರಕೆಯೇ ಹಾನಿ ತರುವುದೂ ಉಂಟು. ಬಿಳಿ ಪೈನಿನ ಗುಳ್ಳೆ ತುಕ್ಕು ರೋಗದ ಜೀವನಚಕ್ರ ಪೂರ್ತಿಯಾಗಲು ಸಾಮಾನ್ಯವಾಗಿ ಕರಂಟ್ ಎಂಬ ಹಣ್ಣಿನ ಗಿಡದ ಕುಲದ ಪೊದೆಗಳು ಬೇಕು. ಎರಡನ್ನೂ ಜೊತೆಗೆ ನೆಟ್ಟರೆ ರೋಗವನ್ನು ಕರೆದಂತೆ. ಎಲ್ಲ ಮರವನ್ನೂ ತಿನ್ನುವ ಕೀಟಕ್ಕೂ ವೈವಿಧ್ಯ ಅಡ್ಡಿಯಾಗದು.

ಅಳೆಯುವ ಕ್ರಮಕ್ಕೆ ಬರುತ್ತೇನೆ. ಹೆಕ್ಟೇರನ್ನು 20 ಮೀಟರಿನ 25 ಚೌಕಗಳಾಗಿ ವಿಂಗಡಿಸಿ ಗೂಟ ಹೊಡೆಯಿರಿ. ಪ್ರತಿ ಮರಕ್ಕೆ ಅಲ್ಯೂಮಿನಿಯಂ ಬಿಲ್ಲೆ, ಜಾತಿ, ಸ್ಥಾನ, ನೆಲದಿಂದ 1.3 ಮೀಟರ್ ಎತ್ತರದಲ್ಲಿ ಸುತ್ತಳತೆ. ಸುತ್ತಳತೆಯನ್ನು 3.1416ರಿಂದ ಭಾಗಿಸಿದರೆ ವ್ಯಾಸ. ಇಳಿಜಾರಿನಲ್ಲಿ ಮೇಲಿನ ಬದಿಯಿಂದ ಅಳೆಯಿರಿ. ಆ ಎತ್ತರದಲ್ಲಿ ಗಂಟು ಅಥವಾ ಆನಿಕೆ ಬೇರು ಇದ್ದರೆ ಅದರಿಂದ ಮೇಲೆ ಅಳೆದು, ಅಳೆದ ಎತ್ತರವನ್ನೂ ಬರೆದಿಡಿ. ಟೇಪು ಹಿಡಿದ ಜಾಗಕ್ಕೆ ಬಣ್ಣದ ಗೆರೆ ಎಳೆಯಿರಿ. ಮುಂದಿನ ವರ್ಷ ಎರಡು ಬೆರಳು ಮೇಲೆ ಕೆಳಗೆ ಅಳೆದರೆ, ಮರ ಬೆಳೆಯದೆಯೂ ಬೆಳೆದಂತೆ ಕಾಣುತ್ತದೆ.

ಆಮೇಲೆ ಪ್ರತಿ ಮರಕ್ಕೂ ನೆರೆಯ ಒತ್ತಡ ಲೆಕ್ಕ ಹಾಕಬೇಕು. 10 ಮೀಟರ್ ಸುತ್ತಳತೆಯೊಳಗಲ್ಲ, 10 ಮೀಟರ್ ತ್ರಿಜ್ಯದೊಳಗಿನ ಪ್ರತಿ ನೆರೆಮರದ ಕಾಂಡದ ಅಡ್ಡಕೊಯ್ತದ ವಿಸ್ತೀರ್ಣವನ್ನು ದೂರದಿಂದ ಭಾಗಿಸಿ ಕೂಡಿ. ಆದರೆ ಸ್ವಜಾತಿಯದ್ದು ಒಂದು ಕಾಲಂ, ಅನ್ಯಜಾತಿಯದ್ದು ಇನ್ನೊಂದು. ಒಂದು ಸಸಿಯಿಂದ 5 ಮೀಟರ್ ದೂರದಲ್ಲಿ 30 ಸೆಂ.ಮೀ.ನ ಸ್ವಜಾತಿ ಮರವಿದೆ ಎನ್ನಿ: 707 ಚದರ ಸೆಂ.ಮೀ. ಭಾಗಿಸು 5, ಅಂದರೆ 141. 2 ಮೀಟರಿನಲ್ಲಿ 10 ಸೆಂ.ಮೀ.ನ ಅನ್ಯಜಾತಿ: 39. 4 ಮೀಟರಿನಲ್ಲಿ 20 ಸೆಂ.ಮೀ.ನ ಇನ್ನೊಂದು ಅನ್ಯಜಾತಿ: 79. ಆ ಸಸಿಯ ಮೇಲೆ ಸ್ವಜಾತಿ ಒತ್ತಡ 141, ಅನ್ಯಜಾತಿ ಒತ್ತಡ 118. ತಾಕಿನ ಅಂಚಿನಿಂದ 10 ಮೀಟರಿನೊಳಗಿನ ಮರಗಳನ್ನು ನೆರೆಯವರಾಗಿ ಮಾತ್ರ ಎಣಿಸಿ. ಅವುಗಳ ಒಂದಷ್ಟು ನೆರೆ ನಿಮ್ಮ ಲೆಕ್ಕದ ಹೊರಗಿರುತ್ತದೆ.

ವರ್ಷದ ಬಳಿಕ ಬದುಕಿದವು ಮತ್ತು ಸತ್ತವು ಎಂದು ಬೇರ್ಪಡಿಸಿ, ಒಂದೇ ಗಾತ್ರದವುಗಳೊಳಗೆ ಹೋಲಿಸಿ. ಎರಡೂ ಕಾಲಂ ಸಮನಾಗಿ ಕೊಲ್ಲುತ್ತಿದ್ದರೆ ಹಸಿವು. ಸ್ವಜಾತಿಯ ಕಾಲಂ ಮಾತ್ರ ಸಾವಿನ ಜೊತೆ ಏರುತ್ತಿದ್ದರೆ ಸೋಂಕನ್ನು ಸಂಶಯಿಸಿ. ಗಾತ್ರ ಬಿಟ್ಟು ಹೋಲಿಸಬೇಡಿ. ಸಣ್ಣವು ಹೇಗಿದ್ದರೂ ಹೆಚ್ಚು ಸಾಯುತ್ತವೆ, ಅವೇ ಗುಂಪಾಗಿಯೂ ಇರುತ್ತವೆ.

ಇಲ್ಲಿ ದಾರಿ ತಪ್ಪಿಸುವ ಸಂಗತಿ ಇನ್ನೊಂದಿದೆ. ಒಂದು ಜಾತಿಗೆ ಒಗ್ಗುವ ತೇವದ ಜಾಗದಲ್ಲಿ ಅದು ಹೆಚ್ಚಾಗಿಯೂ ಇರುತ್ತದೆ, ಚೆನ್ನಾಗಿಯೂ ಇರುತ್ತದೆ. ಲೆಕ್ಕ ಹಾಕಿದರೆ ಸ್ವಜಾತಿಯ ದಟ್ಟಣೆ ಒಳ್ಳೆಯದೆಂದು ಕಾಣುತ್ತದೆ. ಆದ್ದರಿಂದ ತಗ್ಗನ್ನು ತಗ್ಗಿನೊಂದಿಗೆ, ದಿಣ್ಣೆಯನ್ನು ದಿಣ್ಣೆಯೊಂದಿಗೆ ಹೋಲಿಸಬೇಕು. ತಾಯಿಮರದ ನೆರಳೇ ದಟ್ಟವಾಗಿದ್ದರೆ ಬೆಳಕಿನ ಕೊರತೆಯನ್ನು ಸೋಂಕೆಂದು ತಿಳಿಯುವ ಅಪಾಯವೂ ಇದೆ; ಅಷ್ಟೇ ನೆರಳು ಕೊಡುವ ಬೇರೆ ಜಾತಿಯ ಮರದ ಕೆಳಗೂ ಅದೇ ಮೊಳಕೆಗಳನ್ನು ಎಣಿಸಿ.

ಸಂಶಯ ಉಳಿದರೆ ಮಣ್ಣಿನ ಪರೀಕ್ಷೆ ಮಾಡಿ. ಕುಂಡದ ಹತ್ತರಲ್ಲಿ ಒಂಬತ್ತು ಪಾಲು, 121 ಡಿಗ್ರಿ ಸೆಲ್ಸಿಯಸ್‌ನ ಒತ್ತಡದ ಹಬೆಯಲ್ಲಿ ಒಂದು ಗಂಟೆಯಂತೆ ಎರಡು ದಿನ ಶುದ್ಧಗೊಳಿಸಿದ ಒಂದೇ ಮಣ್ಣು. ಉಳಿದ ಒಂದು ಪಾಲು ಮೂರು ಬಗೆ: ತಾಯಿಮರದ ಬುಡದ್ದು, ಬೇರೆ ಜಾತಿಯ ಬುಡದ್ದು, ತಾಯಿಬುಡದ್ದನ್ನೇ ಶುದ್ಧಗೊಳಿಸಿದ್ದು. ಒಂದೇ ಪಾಲು ಸಾಕು, ಏಕೆಂದರೆ ಬದಲಾಗಬೇಕಾದ್ದು ಸೂಕ್ಷ್ಮಜೀವಿ, ಗೊಬ್ಬರದ ಅಂಶವಲ್ಲ. ಕನಿಷ್ಠ ಆರು ತಾಯಿಮರಗಳ ಮಣ್ಣು ತನ್ನಿ, ಆದರೆ ಆರನ್ನೂ ಒಂದೇ ಬುಟ್ಟಿಯಲ್ಲಿ ಕಲೆಸಬೇಡಿ. ಕಲೆಸಿದರೆ ಒಂದು ಮರದ ರೋಗ ಎಲ್ಲ ಕುಂಡಕ್ಕೂ ಸೇರಿ, ನೂರು ಕುಂಡ ಇಟ್ಟರೂ ಅದು ಒಂದೇ ಮಾದರಿಯಾಗುತ್ತದೆ.

ನಿಮ್ಮ ತಾಕಿಗೆ ನನ್ನ ಸಲಹೆ: ಅರ್ಧ ಕಡಿಯುವುದು ಈಗ ಬೇಡ. ಶೇ. 80 ಇರುವ ಮುಖ್ಯ ಜಾತಿಯಿಂದ ಮಾತ್ರ, ಅದೂ ಸ್ವಜಾತಿ ಒತ್ತಡ ಹೆಚ್ಚಿರುವ ಗುಂಪುಗಳಲ್ಲಿ, ರೋಗ ಕಂಡ ಮತ್ತು ನೆತ್ತಿ ಕುಗ್ಗಿದ ಮರಗಳನ್ನು ತೆಗೆಯಿರಿ. ಹೆಕ್ಟೇರಿನಲ್ಲಿ ಸರಾಸರಿ 15 ಸೆಂ.ಮೀ. ತಲುಪುವ ಹೊತ್ತಿಗೆ 800ರ ಹತ್ತಿರ ಉಳಿದರೆ ಮೇಲಿನ ಲೆಕ್ಕದಂತೆ ಶೇ. 35ಕ್ಕೆ ಬರುತ್ತೀರಿ, ಅದನ್ನು ಎರಡು ಮೂರು ಸರದಿಯಲ್ಲಿ ಮಾಡಿ. ಒಮ್ಮೆಲೇ ತೆರೆದರೆ ಕೋಲುಮರಗಳು ಮೊದಲ ಬಿರುಗಾಳಿಗೇ ಉರುಳುತ್ತವೆ, ಕಳೆ ನುಗ್ಗುತ್ತದೆ. ಉಳಿದ 19 ಜಾತಿಗಳಲ್ಲಿ ಒಂದನ್ನೂ ಮುಟ್ಟಬೇಡಿ, ಕುಂಟಾಗಿದ್ದರೂ ಸರಿ.

ತೆರೆದ ಜಾಗದಲ್ಲಿ ನೆಡುವುದಾದರೆ, ಸುತ್ತ 10 ಮೀಟರಿನಲ್ಲಿ ಯಾವ ಜಾತಿ ಇಲ್ಲವೋ ಅದನ್ನು, ಸಾಧ್ಯವಾದರೆ ಬೇರೆ ಕುಟುಂಬದ್ದನ್ನು ಆರಿಸಿ, ನೆರಳು ಸಹಿಸುವಂಥದ್ದಾಗಿರಲಿ. ನಿಧಾನವಾಗಿ ಬೆಳೆಯುವ ಜಾತಿಯನ್ನು ಬಿರುಸಿನವುಗಳ ನಡುವೆ ಒಂಟಿಯಾಗಿ ನೆಟ್ಟರೆ ಹಸಿವಿನಿಂದ ಸಾಯುತ್ತದೆ, ದೊಡ್ಡ ಗುಂಪಾಗಿ ನೆಟ್ಟರೆ ಸೋಂಕಿಗೆ ಸಿಗುತ್ತದೆ. ಮೂರರಿಂದ ಐದರ ಸಣ್ಣ ಗುಂಪುಗಳಾಗಿ, ಗುಂಪಿನಿಂದ ಗುಂಪಿಗೆ ಕನಿಷ್ಠ 20 ಮೀಟರ್ ಬಿಟ್ಟು ನೆಡಿ. ಬುಡಕೊಳೆ ಕಂಡ ಜಾಗದಲ್ಲಿ ಅದೇ ಜಾತಿಯನ್ನು ಮರಳಿ ನೆಡಬೇಡಿ. ಮರ ಸತ್ತರೂ ಶತ್ರು ಮಣ್ಣಿನಲ್ಲಿ ಉಳಿದಿರುತ್ತದೆ.